ಮಿಡ್‌ಹೌ ಕಲ್ಲುಗೋರಿಗೆ ಆ ಶೆಡ್ ಬೇಕಿತ್ತಾ?

ಹಳೇಕಲ್ಲು: ಸ್ಕಾಟ್ಲೆಂಡಿನ ಉತ್ತರಕ್ಕೆ ಆರ್ಕ್ನಿ ದ್ವೀಪಗಳಿವೆ. ಅವುಗಳಲ್ಲಿ ಒಂದು ರೌಸೆ. ಅಲ್ಲಿನ ಮಿಡ್‌ಹೌ ಗೋರಿಗೆ ಐದು ಸಾವಿರ ವರ್ಷಕ್ಕೂ ಹೆಚ್ಚು ವಯಸ್ಸು. 1930ರ ದಶಕದಲ್ಲಿ ಅಗೆದು ತೆಗೆದ ಮೇಲೆ ಇಡೀ ಗೋರಿಯನ್ನು ಗೋದಾಮಿನಂಥ ಕಟ್ಟಡದೊಳಗೆ ಸೇರಿಸಿದ್ದಾರೆ. ಕಡಲ ದಂಡೆಯಲ್ಲೇ ಇರುವ ಗೋರಿ ಅದು. ಈಗ ಒಳಗೆ ನಿಂತರೆ ಕಡಲೂ ಇಲ್ಲ, ಆಕಾಶವೂ ಇಲ್ಲ. ನನಗಂತೂ ಇದು ಸರಿ ಕಾಣುವುದಿಲ್ಲ.

ಸುಮಾ_ಧಾರವಾಡ: ಮಳೆಗಾಳಿಗೆ ಬಿಟ್ಟಿದ್ದರೆ ಗೋರಿ ಉಳಿಯುತ್ತಿತ್ತಾ ಸರ್? ಒಳಗಿನ ಕೋಣೆ 23 ಮೀಟರ್ ಉದ್ದ. ಚಪ್ಪಡಿ ನಿಲ್ಲಿಸಿ ಅದನ್ನು 12 ಭಾಗ ಮಾಡಿದ್ದಾರೆ. ಗಾರೆ ಇಲ್ಲದೆ ಬರೀ ಕಲ್ಲಿನ ಮೇಲೆ ಕಲ್ಲು ಇಟ್ಟು ಕಟ್ಟಿದ ಗೋಡೆಗಳು. ಒಂದು ಬದಿಯ ಕಲ್ಲುಜಗಲಿಗಳ ಮೇಲೆ ಸತ್ತವರನ್ನು ಮಲಗಿಸುತ್ತಿದ್ದರು. 25 ಜನರ ಮೂಳೆಗಳು ಸಿಕ್ಕಿವೆ. ಆ ಊರಿನ ಕಲ್ಲು ಪದರ ಪದರವಾಗಿ ಏಳುತ್ತದೆ. ಅಷ್ಟು ನೀಟಾಗಿ ಕಟ್ಟಲು ಆಗಿದ್ದು ಅದರಿಂದಲೇ. ಆದರೆ ಪದರದೊಳಗೆ ನೀರು ಇಳಿದು ಹೆಪ್ಪುಗಟ್ಟಿದರೆ ಅದೇ ಕಲ್ಲು ಸೀಳುತ್ತದೆ.

ಹಳೇಕಲ್ಲು: ಹಾಗಾದರೆ ಅಳತೆ, ಚಿತ್ರ ಎಲ್ಲ ಮಾಡಿಕೊಂಡು ಮತ್ತೆ ಮಣ್ಣು ಮುಚ್ಚಬಹುದಿತ್ತು ಅಲ್ವಾ?

ಅಬರ್ಡೀನ್‌ವಾಸಿ: ನಾನು ನೋಡಿ ಬಂದಿದ್ದೇನೆ. ಹೊರಗಿನಿಂದ ಕಟ್ಟಡ ಚೆನ್ನಾಗಿಲ್ಲ, ಒಪ್ಪುತ್ತೇನೆ. ಆದರೆ ಒಳಗೆ ಎತ್ತರದ ಅಟ್ಟಣೆಯ ಮೇಲೆ ನಡೆಯುತ್ತಾ ಕೆಳಗೆ ನೋಡಿದಾಗ ಇಡೀ ಗೋರಿ ಒಂದೇ ನೋಟಕ್ಕೆ ಸಿಗುತ್ತದೆ. ಹೊರಗೋಡೆಯಲ್ಲಿ ಕಲ್ಲುಗಳನ್ನು ಓರೆಯಾಗಿ ಜೋಡಿಸಿದ್ದಾರೆ, ಸುಮ್ನೆ ಅಂದಕ್ಕೆ. ಮಣ್ಣು ಮುಚ್ಚಿದ್ದರೆ ಆ ಕೈಕೆಲಸ ಯಾರಿಗೆ ಕಾಣುತ್ತಿತ್ತು?

ಸುಮಾ_ಧಾರವಾಡ: ಅದೇ ನನ್ನ ಮಾತು. ಆರ್ಕ್ನಿಯದೇ ಪಾಪಾ ವೆಸ್ಟ್ರೆ ದ್ವೀಪದ ಪಕ್ಕದ ಹೋಮ್ ಎಂಬ ಜನವಸತಿ ಇಲ್ಲದ ದ್ವೀಪದ ಗೋರಿಗೂ ಹೊಸ ಛಾವಣಿ ಹಾಕಿದ್ದಾರೆ. ದೋಣಿಯಲ್ಲಿ ಹೋಗಿ, ಛಾವಣಿಯ ಕಿಂಡಿಯಿಂದ ಏಣಿ ಇಳಿಯಬೇಕು. ಅದನ್ನು ಯಾರೂ ಅಂದಗೆಟ್ಟಿದೆ ಅನ್ನುವುದಿಲ್ಲ.

ಹಳೇಕಲ್ಲು: ಅಲ್ಲಿ ಒಳಗಿನ ಕತ್ತಲೆ ಉಳಿದಿದೆ ಮೇಡಂ. ಸತ್ತವರಿಗಾಗಿ ಕಟ್ಟಿದ ಮನೆ ಅದು. ಮಿಡ್‌ಹೌನಲ್ಲಿ ಮ್ಯೂಸಿಯಂ ವಸ್ತು ನೋಡಿದ ಹಾಗೆ ಮೇಲಿಂದ ಇಣುಕುತ್ತೇವೆ. ನನಗೆ ನೋವಾಗುವುದು ಅಲ್ಲಿ.

ಕಡಲಮಗ: ಶೆಡ್ ಜಗಳ ಬಿಡಿ. ಅದೇ ರೌಸೆಯ ಸ್ವಾಂಡ್ರೋ ದಂಡೆಯಲ್ಲಿ ಇನ್ನೊಂದು ನವಶಿಲಾಯುಗದ ಗೋರಿಯನ್ನು ಅಲೆಗಳು ಕೊರೆದು ತಿನ್ನುತ್ತಿವೆ. ಅದು ಪೂರ್ತಿ ಕೊಚ್ಚಿಹೋಗುವ ಮೊದಲು ಸಿಕ್ಕಷ್ಟು ದಾಖಲಿಸಲು ಪುರಾತತ್ವದವರು ಹಲವು ಬೇಸಿಗೆಗಳಲ್ಲಿ ಅಗೆದಿದ್ದಾರೆ. ಬ್ರಿಟನ್ನಿನ 1979ರ ಸ್ಮಾರಕ ಕಾಯ್ದೆ ಮನುಷ್ಯರ ಕೈಯನ್ನು ತಡೆಯುತ್ತದೆ, ಅಲೆಯನ್ನಲ್ಲ. ಅಲ್ಲಿಗೆ ಯಾವ ಛಾವಣಿ ಹಾಕುತ್ತೀರಿ?

ಹಳೇಕಲ್ಲು: ಅಂಥ ಕಡೆ ಅಗೆಯಲೇಬೇಕು, ಅದರಲ್ಲಿ ನನ್ನ ತಕರಾರಿಲ್ಲ. ಸುರಕ್ಷಿತವಾಗಿ ನೆಲದೊಳಗೆ ಇರುವುದನ್ನು ಮಾತ್ರ ಹಾಗೇ ಬಿಡಿ ಅಂತೀನಿ.