ಟೆರೇಸ್ ತುಂಬಾ ಕಪ್ಪು ಪುಡಿ, ಸೆನ್ಸರ್ ಮಾತ್ರ ‘ಗಾಳಿ ಚೆನ್ನಾಗಿದೆ’ ಅನ್ನುತ್ತಿದೆ

ಧೂಳಪ್ಪ: ತಲೆ ಕೆಟ್ಟುಹೋಗಿದೆ. ಬೆಳಗ್ಗೆ ಗುಡಿಸಿದರೆ ಸಂಜೆಗೆ ಮತ್ತೆ ಕಪ್ಪು ಪುಡಿ. ಬಟ್ಟೆ ಒಣಹಾಕುವ ಹಾಗಿಲ್ಲ. ಪಿಎಂಎಸ್5003 ಅನ್ನುವ ಧೂಳಿನ ಸೆನ್ಸರ್ ಹಾಕಿದ್ದೇನೆ, ಪಿಎಂ2.5 (ಗಾಳಿಯಲ್ಲಿನ 2.5 ಮೈಕ್ರಾನ್‌ವರೆಗಿನ ಸಣ್ಣ ಕಣ) ಮೂವತ್ತು ದಾಟಲ್ಲ. ಸೆನ್ಸರ್ ಡೂಪ್ಲಿಕೇಟಾ? ಪುಡಿ ಎಲ್ಲಿಂದ ಬರುತ್ತಿದೆ ಅಂತ ಹುಡುಕುವುದು ಹೇಗೆ?

ವೋಲ್ಟ್‌ರಾಜ: ಸಪ್ಲೈ ಎಷ್ಟು? ಅದರ ಫ್ಯಾನ್‌ಗೆ 5 ವೋಲ್ಟ್ ಬೇಕು. 3.3 ಡೇಟಾ ಪಿನ್‌ಗೆ ಮಾತ್ರ.

ಧೂಳಪ್ಪ: ಐದೇ ಕೊಟ್ಟಿದ್ದೇನೆ ಸಾರ್.

ವೋಲ್ಟ್‌ರಾಜ: ಮೀಟರ್ ಇಟ್ಟು ನೋಡಿದ್ರಾ? ಅಗ್ಗದ ಚಾರ್ಜರ್ ಲೋಡ್ ಬಿದ್ದ ಕೂಡಲೇ ಇಳಿಯುತ್ತದೆ. ಕೇಬಲ್ಲೂ ಬದಲಾಯಿಸಿ.

ಗಾಳಿಪಟ: ಚಾರ್ಜರ್ ಬಿಡಿ ಮಾರಾಯ್ರೇ. ಗುಡಿಸುವಷ್ಟು ದಪ್ಪ ಪುಡಿ ಅಂದರೆ ಬಹುಪಾಲು 10 ಮೈಕ್ರಾನ್‌ಗಿಂತ ದೊಡ್ಡದು. ಆ ಸೆನ್ಸರ್‌ಗೆ ಅದು ಕಾಣುವುದೇ ಇಲ್ಲ. ಅದು ತೋರಿಸುವ ಪಿಎಂ10 (10 ಮೈಕ್ರಾನ್‌ವರೆಗಿನ ಕಣ) ಕೂಡ ಸಣ್ಣ ಕಣ ನೋಡಿ ಹಾಕಿದ ಅಂದಾಜು. ದಪ್ಪ ಕಣ ಬೇಗ ಕೆಳಗೆ ಬೀಳುತ್ತದೆ, ಹಾಗಾಗಿ ಮೂಲ ಹತ್ತಿರದಲ್ಲೇ ಇರಬೇಕು. ಮ್ಯಾಗ್ನೆಟ್‌ಗೆ ಪ್ಲಾಸ್ಟಿಕ್ ಕವರ್ ಸುತ್ತಿ ಪುಡಿಗೆ ಹಿಡಿಯಿರಿ. ಅಂಟಿದರೆ ಕಬ್ಬಿಣದ ಪುಡಿ. ಅಂಟದೆ, ಬೆರಳಿಗೆ ಕಾಡಿಗೆ ಥರ ಮೆತ್ತಿದರೆ ಮಸಿ: ಡೀಸೆಲ್, ಜನರೇಟರ್, ಕಸ ಸುಡುವುದು.

ಧೂಳಪ್ಪ: ಅರ್ಧದಷ್ಟು ಅಂಟಿತು! ಪಕ್ಕದ ಶೆಡ್ಡಲ್ಲಿ ಗ್ರೈಂಡಿಂಗ್ ನಡೆಯುತ್ತದಲ್ಲ, ಅದೇ ಇರಬಹುದಾ? ಪೀಣ್ಯ ಇಂಡಸ್ಟ್ರಿಯಲ್ ಏರಿಯಾ ಅಂದಮೇಲೆ ಇದೆಲ್ಲ ಇದ್ದದ್ದೇ ಅಲ್ವಾ.

ಗಾಳಿಪಟ: ಪೀಣ್ಯ ಅಂತ ಎಲ್ಲಿ ಹೇಳಿದ್ರಿ? ಶೆಡ್ ಯಾವ ದಿಕ್ಕಿಗೆ?

ಧೂಳಪ್ಪ: ಪಶ್ಚಿಮಕ್ಕೆ.

ಗಾಳಿಪಟ: ಮಳೆಗಾಲದಲ್ಲಿ ಬೆಂಗಳೂರಿಗೆ ಗಾಳಿ ಹೆಚ್ಚಾಗಿ ಪಶ್ಚಿಮದಿಂದಲೇ. ಲೆಕ್ಕ ಕೂಡುತ್ತದೆ. ಆದರೂ ಈಗಲೇ ಜಗಳಕ್ಕೆ ಹೋಗಬೇಡಿ, ಬ್ರೇಕ್ ಪುಡಿಯೂ ಮ್ಯಾಗ್ನೆಟ್‌ಗೆ ಅಂಟುತ್ತದೆ. ಗಾಜಿನ ಸ್ಲೈಡಿಗೆ ತೆಳ್ಳಗೆ ವ್ಯಾಸಲೀನ್ ಸವರಿ, ಶೆಡ್ ಕಡೆ ಒಂದು, ರಸ್ತೆ ಕಡೆ ಒಂದು ಇಡಿ. ಶೆಡ್ ಮುಚ್ಚಿದ ದಿನ ಬೇರೆ ಜೋಡಿ.

ಬಳ್ಳಾರಿಹುಡುಗ: ಭಾನುವಾರ ಟ್ರಾಫಿಕ್ಕೂ ಕಡಿಮೆ. ಏನು ಸಾಬೀತಾಗುತ್ತದೆ?

ಗಾಳಿಪಟ: ಅದಕ್ಕೇ ಎರಡು ಕಡೆ ಇಡುವುದು. ಶೆಡ್ ಕಡೆಯದು ಮಾತ್ರ ಇಳಿದರೆ ಟ್ರಾಫಿಕ್ ಕಾರಣ ಅಲ್ಲ.

ಬಳ್ಳಾರಿಹುಡುಗ: ಸಂಡೂರು ಕಡೆ ಬನ್ನಿ, ಸ್ಲೈಡೇ ಬೇಡ. ಅದಿರು ಲಾರಿ ಹೋದ ದಾರಿಯಲ್ಲಿ ಮರದ ಎಲೆಯೂ ಕೆಂಪು.

ವೋಲ್ಟ್‌ರಾಜ: ಮೈಕ್ರೋಸ್ಕೋಪಲ್ಲಿ ನೋಡಿ ಆಮೇಲೆ ಮಾತಾಡಿ. ಟೈರ್ ಪುಡಿ ಉದ್ದುದ್ದ ಇರುತ್ತದೆ, ವೆಲ್ಡಿಂಗ್ ಕಿಡಿ ಉಂಡೆ ಉಂಡೆ. ನಂದು ಟ್ರೈನಾಕ್ಯುಲರ್ (ಕ್ಯಾಮೆರಾಗೆ ಮೂರನೇ ಕೊಳವೆ ಇರುವ ಮೈಕ್ರೋಸ್ಕೋಪ್), ಜೊತೆಗೆ ಎಸ್‌ಡಿಎಸ್011 ಧೂಳಿನ ಸೆನ್ಸರ್, ಗಾಳಿಯ ದಿಕ್ಕು ತೋರಿಸುವ ವಿಂಡ್ ವೇನ್, ಎಲ್ಲ ಸೋಲಾರ್ ಮೇಲೆ. ಮಳೆಗೆ ಬಾಕ್ಸ್ ನಾನೇ 3ಡಿ ಪ್ರಿಂಟ್ ಮಾಡಿದ್ದು.

ಬಳ್ಳಾರಿಹುಡುಗ: ಗುರು, ಆ ಬಾಕ್ಸ್ ಫೈಲ್ ಕಳಿಸ್ತೀಯಾ? ಪ್ರಿಂಟರ್‌ಗೆ ಹಾಕುವ ಪಿಎಲ್‌ಎ ಪ್ಲಾಸ್ಟಿಕ್ ನಮ್ಮ ಬಿಸಿಲಿಗೆ ತಡೆಯುತ್ತಾ?