ಮೀನು ಹುರಿದರೆ ಫೈರ್ ಅಲಾರಂ ಕೂಗ್ತದೆ, ಎಂತ ಮಾಡುವುದು?

ಕೇಳಿದ್ದು, ಬಿಜೈಯಿಂದ:
ಹೊಸ ಫ್ಲ್ಯಾಟಿಗೆ ಬಂದು 2 ತಿಂಗಳು ಆಯ್ತು. ಬಂಗುಡೆ ಕಾವಲಿಗೆ ಬಿದ್ದರೆ ಸಾಕು, ಹಾಲ್‌ನ ಸ್ಮೋಕ್ ಡಿಟೆಕ್ಟರ್ ಕೂಗಿ 9 ಮಾಳಿಗೆಯವರೂ ಮೆಟ್ಟಿಲಿಳಿದು ಬರ್ತಾರೆ. ಮೊನ್ನೆ ಕೆಳಗಿನ ಮನೆಯ ಅಜ್ಜಿ "ಇವತ್ತು ಎಂತ ಮೀನು ಮಗಾ?" ಅಂತ ಕೇಳಿಯೇ ಬಿಟ್ರು. ಪ್ಲಾಸ್ಟಿಕ್ ಕಟ್ಟಿಬಿಡುವಾ ಅಂತಾರೆ ನಮ್ಮವರು. ಅನುಭವ ಇದ್ದವರು ಹೇಳಿ.

ಉಡುಪಿಯಿಂದ:
ಪ್ಲಾಸ್ಟಿಕ್ ಮಾತ್ರ ಬೇಡ ಅಕ್ಕ. ನಮ್ಮಲ್ಲಿ ಪೈಂಟಿನವರು ಕಟ್ಟಿದ್ದನ್ನು ಬಿಚ್ಚಲಿಕ್ಕೆ ಮರೆತು ಹೋದದ್ದು. ಗೊತ್ತಾದದ್ದು 8 ತಿಂಗಳ ನಂತರ, ಅದೂ ಫ್ಯಾನ್ ಒರೆಸಲು ಏಣಿ ಹತ್ತಿದಾಗ.

ಕದ್ರಿಯಿಂದ:
ನಾನು ಇದೇ ಕೆಲಸದವ. ಈಗ ಹೆಚ್ಚಾಗಿ ಹಾಕುವ ಡಿಟೆಕ್ಟರ್ ಒಳಗೆ ಒಂದು ಬೆಳಕು ಉಂಟು. ಹೊಗೆಯ ಕಣಕ್ಕೆ ಆ ಬೆಳಕು ತಾಗಿ ಚದುರಿ ಸೆನ್ಸರಿಗೆ ಬಿದ್ದರೆ ಅಲಾರಂ. ಆದರೆ ಎಣ್ಣೆಹೊಗೆ, ಬಿಸಿನೀರ ಹಬೆ, ಧೂಳು ಎಲ್ಲ ಅದಕ್ಕೆ ಒಂದೇ. ಹಾಗಾಗಿ ಅಡಿಗೆಮನೆ ಬಾಗಿಲಿಗೂ ಬಚ್ಚಲಿನ ಬಾಗಿಲಿಗೂ ತಾಗಿಕೊಂಡು ಹಾಕಬಾರದು. ಅಡಿಗೆಮನೆಯೊಳಗೆ ಹೀಟ್ ಡಿಟೆಕ್ಟರ್ ಸರಿ. ಅದಕ್ಕೆ ಹೊಗೆಯ ಗೊಡವೆ ಇಲ್ಲ, ಸುಮಾರು 57 ಡಿಗ್ರಿಗೆ ಏರಿದರೆ ಮಾತ್ರ ಕೂಗುವಂಥದ್ದು ಸಿಗ್ತದೆ. ನೀವೇ ಬಿಚ್ಚಲಿಕ್ಕೆ ಹೋಗಬೇಡಿ, ಇಡೀ ಕಟ್ಟಡದ ಪ್ಯಾನೆಲ್‌ಗೆ ವಯರ್ ಹೋಗಿರ್ತದೆ. ಅಸೋಸಿಯೇಶನ್‌ನವರಿಂದ ಮಾಡಿಸಿ.
ಇನ್ನೊಂದು, ನಮ್ಮ ಮಳೆಗಾಲ. ಜುಲೈಯಲ್ಲಿ ಒಂದು ಮನೆಯಲ್ಲಿ ನಡುರಾತ್ರಿ ಮೂರು ಸಲ ಕೂಗಿತು. ಒಲೆ ಹೊತ್ತಿಸಿದವರೇ ಇಲ್ಲ. ಬಿಚ್ಚಿ ನೋಡಿದರೆ ಸಾಸಿವೆ ಕಾಳಿನಷ್ಟು ಜೇಡ, ಅದರ ಬಲೆ! ಆರು ತಿಂಗಳಿಗೊಮ್ಮೆ ವ್ಯಾಕ್ಯೂಮ್‌ನಲ್ಲಿ ಎಳೆಸಿ. 10 ವರ್ಷ ಆದದ್ದನ್ನು ತೆಗೆದು ಹೊಸದು ಹಾಕಿಸಿ.

ಮಣಿಪಾಲದಿಂದ:
ಆಫೀಸಿನ ಕಥೆ ಬೇರೆ ಮಾರಾಯ್ರೆ. ಸೀಲಿಂಗ್ ಡ್ರಿಲ್ ಮಾಡುವಾಗ ಸಿಮೆಂಟ್ ಧೂಳಿಗೆ ಒಂದೇ ವಾರ ನಾಲ್ಕು ಸಲ ಕೂಗಿತು. ನಾಲ್ಕನೇ ಸಲ ಯಾರೂ ಕುರ್ಚಿ ಬಿಟ್ಟು ಏಳಲಿಲ್ಲ, ನಾನೂ ಸೇರಿ. ನನಗೆ ಹೆದರಿಕೆ ಆದದ್ದು ಆಗ. ಈಗ ಡ್ರಿಲ್ ಉಂಟು ಅಂದರೆ ಸೆಕ್ಯುರಿಟಿಗೆ ಹಿಂದಿನ ದಿನವೇ ಹೇಳಬೇಕು, ಆ ಭಾಗ ಮಾತ್ರ ಪ್ಯಾನೆಲ್‌ನಲ್ಲಿ ಆಫ್, ಬೆಂಕಿ ನಂದಿಸುವ ಸಿಲಿಂಡರ್ ಹಿಡಿದು ಒಬ್ಬ ಅಲ್ಲೇ ಕಾವಲು. ಸಂಜೆ ಪುನಃ ಆನ್ ಮಾಡಿದವನ ಸಹಿ ಪುಸ್ತಕದಲ್ಲಿ ಇರಬೇಕು.

ಕೊಟ್ಟಾರದಿಂದ:
ಸಾಂಬ್ರಾಣಿ ಹೊಗೆ ಹಾಕುವವರು ಡಿಟೆಕ್ಟರ್ ಕೆಳಗೆ ನಿಲ್ಲಬೇಡಿ. ಅಷ್ಟೇ.

ಬಿಜೈಯಿಂದ, ಮೂರು ವಾರದ ನಂತರ:
ಬಾಗಿಲ ಹತ್ತಿರ ಇದ್ದದ್ದನ್ನು ಹಾಲ್‌ನ ಆಚೆ ಬದಿಗೆ ಹಾಕಿಸಿದ್ರು, ಅಡಿಗೆಮನೆಗೆ ಹೀಟಿನದ್ದು ಬಂತು. ಕಾವಲಿ ಇಡುವ ಮೊದಲೇ ಚಿಮಣಿ ಹಾಕ್ತೇನೆ, ಬಾಗಿಲು ಮುಚ್ತೇನೆ. ನಿನ್ನೆ ಅಂಜಲ್ ಹುರಿದೆ, ಸದ್ದಿಲ್ಲ. ಅಜ್ಜಿಗೆ ಎರಡು ತುಂಡು ನಾನೇ ಇಳಿದು ಹೋಗಿ ಕೊಟ್ಟು ಬಂದೆ.