ಮಲಗಿಸಿ ತೆಗೆದ ಎಕ್ಸ್‌ರೇಯಲ್ಲಿ ಗಾಳಿ ಯಾಕೆ ಕಾಣಲಿಲ್ಲ?

ಅಕ್ಕ, ಹಾಸನ:
ನನ್ನ ತಮ್ಮನಿಗೆ 21 ವರ್ಷ. ಆರಡಿ ಎತ್ತರ, ತೀರಾ ಸಣಕಲು. ಸೋಮವಾರ ಸುಮ್ನೆ ಕೂತು ಓದುತ್ತಿದ್ದವನಿಗೆ ಬಲ ಎದೆಯಲ್ಲಿ ಚುಚ್ಚಿದ ಹಾಗಾಯಿತು. ಉಸಿರೆಳೆದರೆ ನೋವು ಜಾಸ್ತಿ. ಹತ್ತಿರದ ಆಸ್ಪತ್ರೆಯಲ್ಲಿ ಮಲಗಿಸಿಯೇ ಎಕ್ಸ್‌ರೇ ತೆಗೆದು, ನಾರ್ಮಲ್ ಇದೆ, ಗ್ಯಾಸ್ ಇರಬೇಕು ಎಂದು ಮಾತ್ರೆ ಕೊಟ್ಟರು. ಮಾರನೇ ದಿನ ಬೇರೆ ಕಡೆ ನಿಲ್ಲಿಸಿ ತೆಗೆದರು. ಶ್ವಾಸಕೋಶದ ಸುತ್ತ ಗಾಳಿ ಸೇರಿದೆ, ನ್ಯುಮೊಥೊರಾಕ್ಸ್ ಎಂದರು. ಇದು ಮೊದಲ ದಿನವೇ ಇತ್ತಾ? ಈಗ ಸಿಟಿ ಸ್ಕ್ಯಾನನ್ನೂ ಮಾಡಿಸಿ ಅಂತಿದ್ದಾರೆ. ಬೇಕೇ ಬೇಕಾ?

ರೇಡಿಯಾಲಜಿ ಡಾಕ್ಟರ್, ಶಿವಮೊಗ್ಗ:
ಮೊದಲೇ ಇದ್ದಿರಬಹುದು, ಮೇಡಂ. ನಿಂತಾಗ ಗಾಳಿ ಮೇಲಕ್ಕೇರಿ ಕಾಲರ್ ಬೋನ್ ಹತ್ತಿರ ಸೇರುತ್ತದೆ. ಅಲ್ಲಿ ಶ್ವಾಸಕೋಶದ ಅಂಚು ಕೂದಲೆಳೆಯಂಥ ಬಿಳಿ ಗೆರೆಯಾಗಿ ಕಾಣುತ್ತದೆ. ಗೆರೆಯಾಚೆ ರಕ್ತನಾಳದ ಗುರುತು ಒಂದೂ ಇರುವುದಿಲ್ಲ. ಮಲಗಿದರೆ ಅದೇ ಗಾಳಿ ಎದೆಯ ಮುಂಭಾಗಕ್ಕೆ ಬಂದು ಹರಡಿಕೊಳ್ಳುತ್ತದೆ, ಆ ಗೆರೆ ಸಿಗದೇ ಹೋಗಬಹುದು. ಅಂಥ ಫಿಲ್ಮ್‌ನಲ್ಲಿ ನಾನು ಮೊದಲು ನೋಡುವುದು ಪಕ್ಕೆಯ ಕೆಳಮೂಲೆ. ಒಂದು ಬದಿ ಇನ್ನೊಂದಕ್ಕಿಂತ ಆಳವಾಗಿ, ಕಪ್ಪಾಗಿದ್ದರೆ ಅನುಮಾನ ಬರುತ್ತದೆ.

ನಿಲ್ಲಲಾಗದವರಿಗೆ ಅಲ್ಟ್ರಾಸೌಂಡ್ ಒಳ್ಳೆಯದು. ಉಸಿರಾಡಿದಾಗ ಶ್ವಾಸಕೋಶ ಎದೆಗೋಡೆಗೆ ತಾಗಿ ಜಾರುವುದು ಪರದೆಯಲ್ಲಿ ಕಾಣುತ್ತದೆ. ನಡುವೆ ಗಾಳಿ ಸೇರಿದರೆ ಆ ಜಾರಾಟವೇ ಇರುವುದಿಲ್ಲ.

ಎಕ್ಸ್‌ರೇ ಸ್ಪಷ್ಟವಾಗಿದ್ದರೆ ಮೊದಲ ಸಲವೇ ಎಲ್ಲರಿಗೂ ಸಿಟಿ ಬೇಕಿಲ್ಲ. ಆದರೆ ಶ್ವಾಸಕೋಶದೊಳಗೇ ದೊಡ್ಡ ಗಾಳಿಗುಳ್ಳೆ ಇದ್ದರೂ ಎಕ್ಸ್‌ರೇಯಲ್ಲಿ ಹೀಗೇ ಕಾಣಬಹುದು. ಅದನ್ನು ತಪ್ಪು ತಿಳಿದು, ಗಾಳಿ ತೆಗೆಯಲು ಎದೆಗೆ ಟ್ಯೂಬ್ ಹಾಕಿದರೆ ಅಪಾಯ. ಆ ಸಂಶಯವಿದ್ದರೆ ಖಂಡಿತ ಮಾಡಿಸಿ. ಯಾವ ಕಾರಣಕ್ಕೆ ಹೇಳಿದರು ಎಂದು ಕೇಳಿ.

ಇನ್ನೊಂದು ಮಾತು. ಉಸಿರಾಟ ಒಮ್ಮೆಲೇ ಕಷ್ಟವಾಗಿ, ಬೆವರಿ, ತಲೆ ಸುತ್ತಿದರೆ ಎಕ್ಸ್‌ರೇ, ಸ್ಕ್ಯಾನ್ ಎಂದು ಕಾಯಬೇಡಿ, ತಕ್ಷಣ ಎಮರ್ಜೆನ್ಸಿಗೆ ಕರೆದೊಯ್ಯಿರಿ.

ಎರಡು ಸಲ ಅನುಭವಿಸಿದವನು, ಮೈಸೂರು:
ಅಕ್ಕಾ, ನನಗೆ 24ನೇ ವಯಸ್ಸಿನಲ್ಲಿ ಆಗಿತ್ತು. ಮುಂದಿನ ವರ್ಷ ಅದೇ ಬದಿಗೆ ಮತ್ತೆ ಬಂತು. ಆಗ ಸಿಟಿ ಮಾಡಿದಾಗ ಶ್ವಾಸಕೋಶದ ತುದಿಯಲ್ಲಿ ದ್ರಾಕ್ಷಿಯಂಥ ಗುಳ್ಳೆಗಳು ಕಂಡವು, ಆಪರೇಷನ್ ಆಯಿತು. ತಮ್ಮ ಸಿಗರೇಟ್ ಸೇದುತ್ತಿದ್ದರೆ ಇವತ್ತೇ ಬಿಡಿಸಿ. ಗಾಳಿ ಪೂರ್ತಿ ಹೋಗಿದೆ ಎಂದು ಎಕ್ಸ್‌ರೇ ನೋಡಿ ಡಾಕ್ಟರ್ ಒಪ್ಪುವ ತನಕ ವಿಮಾನ ಹತ್ತಿಸಬೇಡಿ.

ಅಕ್ಕ, ಹಾಸನ:
ಕೇಳಿದೆ. ಗುಳ್ಳೆಯದೇ ಸಂಶಯವಂತೆ. ನಾಳೆ ಬೆಳಿಗ್ಗೆ ಸಿಟಿ ಇದೆ. ಎರಡೂ ಎಕ್ಸ್‌ರೇ ಫಿಲ್ಮ್ ಜೊತೆಯಲ್ಲೇ ಒಯ್ಯುತ್ತೇನೆ.